ಸ್ಟೈಲ್‌ಶೀಟ್ ಎಲ್ಲಿಯವರೆಗೆ, ಸ್ಕ್ರಿಪ್ಟ್ ಎಲ್ಲಿಂದ? ಮೂರು ಭಾಷೆಯ ರೆಸ್ಪಾನ್ಸಿವ್ ಸೈಟಿಗೆ ದಾರಿ ಆರಿಸುವ ಬಗೆ

ಮಾಟುಂಗಾದ ಒಂದು ಕನ್ನಡ ಸಂಘಕ್ಕೆ ವೆಬ್‌ಸೈಟ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬೇಕು. ಇಂಗ್ಲಿಷಿನಲ್ಲಿ ‘ಹೋಮ್, ಇವೆಂಟ್ಸ್, ಲೈಬ್ರರಿ, ಹಾಲ್, ಕಾಂಟ್ಯಾಕ್ಟ್’ ಎಂಬ ಮೆನು ಒಂದೇ ಸಾಲಿನಲ್ಲಿ ಕೂರುತ್ತದೆ. ಭಾಷೆಯ ಬಟನ್ ಒತ್ತಿದರೆ ಅದೇ ಮೆನು ‘ಮುಖಪುಟ, ಕಾರ್ಯಕ್ರಮಗಳು, ಗ್ರಂಥಾಲಯ, ಸಭಾಗೃಹ ಬುಕಿಂಗ್, ಸಂಪರ್ಕ’ ಎಂದಾಗಿ ಎರಡು ಸಾಲಿಗೆ ಇಳಿಯುತ್ತದೆ. ಮೇಲೆ ಅಂಟಿಕೊಂಡಿರುವ ಹೆಡರ್ ದಪ್ಪವಾಗುತ್ತದೆ, ಲಿಂಕ್ ಒತ್ತಿ ಬಂದವರಿಗೆ ವಿಭಾಗದ ಶೀರ್ಷಿಕೆ ಅದರ ಅಡಿಯಲ್ಲಿ ಮರೆಯಾಗುತ್ತದೆ. ಇಷ್ಟೆಲ್ಲ ಆದರೂ ಪರದೆಯ ಅಗಲ ಒಂದು ಪಿಕ್ಸೆಲ್ ಕೂಡ ಬದಲಾಗಿಲ್ಲ. ಹಾಗಾಗಿ ಪರದೆಯ ಅಗಲ ನೋಡಿ ನಿಯಮ ಬದಲಿಸುವ ಮೀಡಿಯಾ ಕ್ವೆರಿಗೆ ಇದರ ಸುಳಿವೇ ಸಿಗುವುದಿಲ್ಲ.

ಇಂಥ ಜಾಗದಲ್ಲಿ ಸ್ಕ್ರಿಪ್ಟ್, ಅಂದರೆ ಜಾವಾಸ್ಕ್ರಿಪ್ಟ್ ಕೋಡ್, ಬೇಕು. ಆದರೆ ಒಮ್ಮೆ ಸ್ಕ್ರಿಪ್ಟ್ ಒಳಗೆ ಬಂದಿತೆಂದರೆ ಸ್ಟೈಲ್‌ಶೀಟೇ (ನೋಟದ ನಿಯಮಗಳಿರುವ ಸಿಎಸ್‌ಎಸ್ ಕಡತ) ಮಾಡಬಹುದಾದ ಹತ್ತು ಕೆಲಸವನ್ನೂ ಅದರ ತಲೆಗೆ ಕಟ್ಟುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಆರಿಸುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಬದಲಾಗುತ್ತಿರುವುದು ಏನು? ಪರದೆಯೇ, ಪರದೆಯೊಳಗಿನ ಒಂದು ಪೆಟ್ಟಿಗೆಯೇ, ಪೆಟ್ಟಿಗೆಯೊಳಗಿನ ಪಠ್ಯವೇ, ಅಥವಾ ನೋಟದ ಜೊತೆಗೆ ನಡವಳಿಕೆಯೂ ಬದಲಾಗಬೇಕೇ? ಮೊದಲೆರಡಕ್ಕೆ ಸ್ಟೈಲ್‌ಶೀಟ್ ಸಾಕು. ಕೊನೆಯೆರಡಕ್ಕೆ ಸ್ಕ್ರಿಪ್ಟ್ ಬೇಕಾಗಬಹುದು. ಆಗಲೂ ಸ್ಕ್ರಿಪ್ಟ್ ಅಳತೆ ತೆಗೆದು ಹೇಳಬೇಕು, ಆ ಅಳತೆಗೆ ಏನು ಮಾಡಬೇಕೆಂಬ ನಿಯಮ ಸ್ಟೈಲ್‌ಶೀಟಿನಲ್ಲೇ ಇರಬೇಕು.

ಪ್ರಾಪರ್ಟಿ ಮತ್ತು ಫಂಕ್ಷನ್‌ಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ. ಕೋಡಿನಲ್ಲಿ ಅವುಗಳ ಇಂಗ್ಲಿಷ್ ಕಾಗುಣಿತವನ್ನೇ ಬಳಸಬೇಕು.

ಸ್ಕ್ರಿಪ್ಟ್ ಇಲ್ಲದೆಯೇ ಮುಗಿಯುವ ಕೆಲಸ

ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ ಪರದೆಗೆ ತಕ್ಕಂತೆ ಹೊಂದಿಕೊಳ್ಳುವ ಪುಟಗಳಿಗೆ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಎಂಬ ಹೆಸರು ಕೊಟ್ಟದ್ದು 2010ರ ಮೇ ತಿಂಗಳಲ್ಲಿ. ಮೀಡಿಯಾ ಕ್ವೆರಿ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿಯ ಅಧಿಕೃತ ಶಿಫಾರಸಾದದ್ದು 2012ರ ಜೂನ್‌ನಲ್ಲಿ. ಅಲ್ಲಿಂದ ಮುಂದೆ ಸುಮಾರು ಹತ್ತು ವರ್ಷ ‘ಈ ಕಾರ್ಡ್ ಇರುವ ಪೆಟ್ಟಿಗೆ ಎಷ್ಟು ಅಗಲ?’ ಎಂಬ ಪ್ರಶ್ನೆಗೆ ಸ್ಟೈಲ್‌ಶೀಟಿನಲ್ಲಿ ಉತ್ತರ ಇರಲಿಲ್ಲ. ಎಲಿಮೆಂಟ್ ಕ್ವೆರಿ ಎಂಬ ಹೆಸರಿನ ಹಲವು ಸ್ಕ್ರಿಪ್ಟ್ ಲೈಬ್ರರಿಗಳು ಹುಟ್ಟಿದ್ದು ಅದಕ್ಕೇ. ಈಗ ಪೆಟ್ಟಿಗೆಯ ಅಗಲವನ್ನೇ ಕೇಳುವ ಕಂಟೇನರ್ ಕ್ವೆರಿ ಕ್ರೋಮ್ 105ರಲ್ಲಿ (ಆಗಸ್ಟ್ 2022), ಸಫಾರಿ 16ರಲ್ಲಿ (ಸೆಪ್ಟೆಂಬರ್ 2022), ಫೈರ್‌ಫಾಕ್ಸ್ 110ರಲ್ಲಿ (ಫೆಬ್ರವರಿ 2023) ಬಂದಾಗಿದೆ. ಹಳೆಯ ಸೈಟಿನಲ್ಲಿ ಅಂಥ ಲೈಬ್ರರಿ ಇನ್ನೂ ಇದ್ದರೆ ಮೊದಲು ಕಿತ್ತು ಹಾಕಬೇಕಾದದ್ದು ಅದನ್ನೇ.

ಉಡುಪಿ ಹೋಟೆಲಿನ ತಿಂಡಿ ಪಟ್ಟಿಯನ್ನು ತೆಗೆದುಕೊಳ್ಳಿ. ‘ಇಂದಿನ ವಿಶೇಷ’ ಎಂಬ ಅಗಲವಾದ ಜಾಗದಲ್ಲೂ ಬದಿಯ ಕಿರಿದಾದ ಪಟ್ಟಿಯಲ್ಲೂ ಅದೇ ಗೋಳಿಬಜೆಯ ಕಾರ್ಡ್ ಬರಬೇಕು. ಕಾರ್ಡನ್ನು ಹೊತ್ತಿರುವ ಹೊರಗಿನ ಪೆಟ್ಟಿಗೆಗೆ ಕಂಟೇನರ್-ಟೈಪ್: ಇನ್‌ಲೈನ್-ಸೈಜ್ ಕೊಡಿ. ಒಳಗಿನ ಕಾರ್ಡಿಗೆ ‘ಕಂಟೇನರ್ 22 ರೆಮ್‌ಗಿಂತ ಅಗಲವಾದರೆ ಚಿತ್ರ ಪಕ್ಕಕ್ಕೆ’ ಎಂಬ ನಿಯಮ ಬರೆಯಿರಿ (ರೆಮ್ ಎಂದರೆ ಮೂಲ ಅಕ್ಷರ ಗಾತ್ರವನ್ನು ಆಧರಿಸಿದ ಅಳತೆ). ಇಲ್ಲಿ ತಪ್ಪುವುದು ಮೂರು ಕಡೆ.

ಕಂಟೇನರ್ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳಲಾರದು, ಅದರ ಒಳಗಿರುವವಕ್ಕೆ ಮಾತ್ರ ನಿಯಮ ತಾಗುತ್ತದೆ. ಕಾರ್ಡಿಗೇ ಕಂಟೇನರ್-ಟೈಪ್ ಕೊಟ್ಟು ಕಾರ್ಡಿನದೇ ಬಣ್ಣವನ್ನೋ ಗ್ರಿಡ್ಡನ್ನೋ ಬದಲಿಸಲು ಹೊರಟರೆ ಏನೂ ಆಗುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಎರಡನೆಯದು, ಇನ್‌ಲೈನ್-ಸೈಜ್ ಎಂದ ಕೂಡಲೇ ಒಳಗಿನ ಪಠ್ಯದಿಂದ ಅಗಲವನ್ನು ಲೆಕ್ಕ ಹಾಕುವುದನ್ನು ಬ್ರೌಸರ್ ನಿಲ್ಲಿಸುತ್ತದೆ. ಫ್ಲೋಟ್, ಇನ್‌ಲೈನ್-ಬ್ಲಾಕ್ ಅಥವಾ ಬೆಳೆಯಲು ಅನುಮತಿಯಿಲ್ಲದ ಫ್ಲೆಕ್ಸ್ ಐಟಮ್‌ಗೆ ಇದನ್ನು ಕೊಟ್ಟರೆ ಪೆಟ್ಟಿಗೆ ಸೊನ್ನೆ ಅಗಲಕ್ಕೆ ಕುಸಿಯುತ್ತದೆ. ಅಗಲ ಹೊರಗಿನಿಂದ, ಅಂದರೆ ಗ್ರಿಡ್ ಕಾಲಮ್‌ನಿಂದಲೋ ಫ್ಲೆಕ್ಸ್: 1ರಿಂದಲೋ, ಬರುವಂತಿರಬೇಕು. ಮೂರನೆಯದು ಬಹಳ ಜನರನ್ನು ಗಂಟೆಗಟ್ಟಲೆ ಕಾಡುತ್ತದೆ. ಮೀಡಿಯಾ ಕ್ವೆರಿಯಲ್ಲಿ 1 ರೆಮ್ ಎಂದರೆ ಓದುಗ ಬ್ರೌಸರಿನಲ್ಲಿ ಇಟ್ಟುಕೊಂಡ ಮೂಲ ಅಕ್ಷರ ಗಾತ್ರ, ಸಾಮಾನ್ಯವಾಗಿ 16 ಪಿಕ್ಸೆಲ್. ಎಚ್‌ಟಿಎಮ್‌ಎಲ್ ಎಲಿಮೆಂಟಿಗೆ ನೀವು ಕೊಟ್ಟ ಫಾಂಟ್-ಸೈಜನ್ನು ಅದು ಲೆಕ್ಕಿಸುವುದಿಲ್ಲ. ಕಂಟೇನರ್ ಕ್ವೆರಿ ಮಾತ್ರ ಲೆಕ್ಕಿಸುತ್ತದೆ. ಹಳೆಯ ರೂಢಿಯಂತೆ ಎಚ್‌ಟಿಎಮ್‌ಎಲ್‌ಗೆ 62.5% ಕೊಟ್ಟಿದ್ದರೆ ಅದೇ 22 ರೆಮ್ ಮೀಡಿಯಾ ಕ್ವೆರಿಯಲ್ಲಿ 352 ಪಿಕ್ಸೆಲ್, ಕಂಟೇನರ್ ಕ್ವೆರಿಯಲ್ಲಿ 220 ಪಿಕ್ಸೆಲ್. ಆ 62.5 ಅನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಹಳೆಯ ಫೋನ್‌ಗಳ ಮಾತು. ಆಂಡ್ರಾಯ್ಡ್ 7ರಲ್ಲಿ ಕ್ರೋಮ್ 119ಕ್ಕೂ ಆಂಡ್ರಾಯ್ಡ್ 6ರಲ್ಲಿ 106ಕ್ಕೂ ನಿಂತುಹೋಗಿದೆ. ಎರಡರಲ್ಲೂ ಕಂಟೇನರ್ ಕ್ವೆರಿ ಕೆಲಸ ಮಾಡುತ್ತದೆ. ಕೈಕೊಡುವುದು ಐಫೋನ್ 7ರಂಥವು. ಅವು ಐಒಎಸ್ 15ರ ಆಚೆ ಹೋಗುವುದಿಲ್ಲ. ಅದಕ್ಕಾಗಿ ಪಾಲಿಫಿಲ್ (ಇಲ್ಲದ ಸೌಲಭ್ಯವನ್ನು ತುಂಬಿಕೊಡುವ) ಸ್ಕ್ರಿಪ್ಟ್ ತರಬೇಡಿ. ಕಾರ್ಡನ್ನು ಮೊದಲು ಒಂದು ಕಾಲಮ್‌ನಲ್ಲಿ, ಮೇಲೆ ಚಿತ್ರ, ಕೆಳಗೆ ಹೆಸರು ಮತ್ತು ಬೆಲೆ ಎಂದು ಬರೆದಿಡಿ. ಕ್ವೆರಿ ಅರ್ಥವಾಗದ ಬ್ರೌಸರಿನಲ್ಲಿ ಅದೇ ಉಳಿಯುತ್ತದೆ, ಫೋನಿನ ಮೇಲೆ ಅದರಿಂದ ನಷ್ಟವಿಲ್ಲ.

ಅಕ್ಷರ ಗಾತ್ರಕ್ಕೂ ಸ್ಕ್ರಿಪ್ಟ್ ಬೇಡ. ಕ್ಲ್ಯಾಂಪ್ ಫಂಕ್ಷನ್ನಿಗೆ ಕನಿಷ್ಠ, ಮಧ್ಯದ, ಗರಿಷ್ಠ ಮೌಲ್ಯಗಳಾಗಿ 1.25 ರೆಮ್, 1 ರೆಮ್ + 2 ವಿಡಬ್ಲ್ಯು (ಪರದೆಯ ಅಗಲದ 2%), 2 ರೆಮ್ ಎಂದು ಕೊಟ್ಟರೆ 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಶೀರ್ಷಿಕೆ 23.2 ಪಿಕ್ಸೆಲ್, 800 ದಾಟಿದ ಮೇಲೆ 32. ಮಧ್ಯದ ಮೌಲ್ಯದಲ್ಲಿ ಬರಿಯ ವಿಡಬ್ಲ್ಯು ಇಡಬಾರದು. ಹಾಗಿಟ್ಟರೆ ಓದುಗ ಝೂಮ್ ಮಾಡಿದಾಗ ಅಕ್ಷರ ಬೆಳೆಯುವುದೇ ಇಲ್ಲ.

ಫೋನಿನ ಅಡ್ರೆಸ್ ಬಾರ್‌ನಿಂದಾಗಿ 100 ವಿಎಚ್ (ಪರದೆಯ ಪೂರ್ತಿ ಎತ್ತರ ಎಂಬ ಅಳತೆ) ಪರದೆಗಿಂತ ಉದ್ದವಾಗುವ ತೊಂದರೆಗೆ ವಿಂಡೋ ಎತ್ತರವನ್ನು ನೂರರಿಂದ ಭಾಗಿಸಿ ವೇರಿಯಬಲ್‌ನಲ್ಲಿ ಇಡುವ ಪುಟ್ಟ ಸ್ಕ್ರಿಪ್ಟ್ ಎಷ್ಟೋ ಸೈಟುಗಳಲ್ಲಿ ಇನ್ನೂ ಇದೆ. ಬಾರ್ ಕಾಣುವಾಗಿನ, ಅಡಗಿದಾಗಿನ, ಆಯಾ ಕ್ಷಣದ ಎತ್ತರವನ್ನು ಕ್ರಮವಾಗಿ ಹೇಳುವ ಎಸ್‌ವಿಎಚ್, ಎಲ್‌ವಿಎಚ್, ಡಿವಿಎಚ್ ಅಳತೆಗಳು ಸಫಾರಿ 15.4, ಫೈರ್‌ಫಾಕ್ಸ್ 101, ಕ್ರೋಮ್ 108ರಿಂದ ಇವೆ. ಒಂದು ಸಾಲಿನಲ್ಲಿ 100 ವಿಎಚ್, ಅದರ ಕೆಳಗೆ 100 ಎಸ್‌ವಿಎಚ್ ಬರೆದರೆ ಮುಗಿಯಿತು. ಮುಖಪುಟದ ದೊಡ್ಡ ಚಿತ್ರಕ್ಕೆ ಡಿವಿಎಚ್ ಬೇಡ. ಸ್ಕ್ರಾಲ್ ಮಾಡುವಾಗ ಬಾರ್ ಸರಿದಂತೆಲ್ಲ ಚಿತ್ರ ಹಿಗ್ಗಿ ಕುಗ್ಗಿ ಕೆಳಗಿನ ಪಠ್ಯ ಜಿಗಿಯುತ್ತದೆ.

ನಡವಳಿಕೆ ಬದಲಾಗಬೇಕಾದಾಗ: ಮ್ಯಾಚ್‌ಮೀಡಿಯಾ

ಪುಣೆಯ ಒಂದು ಸಂಘದ ವಾರ್ಷಿಕೋತ್ಸವ ಪುಟದಲ್ಲಿ ಮೂರು ದಿನದ ಕಾರ್ಯಕ್ರಮ ಇದೆ. ದೊಡ್ಡ ಪರದೆಯಲ್ಲಿ ಮೂರು ಟ್ಯಾಬ್, ಫೋನಿನಲ್ಲಿ ಒಂದರ ಕೆಳಗೊಂದು ತೆರೆದು ಮುಚ್ಚುವ ಪಟ್ಟಿ. ನೋಟವನ್ನು ಸಿಎಸ್‌ಎಸ್ ಬದಲಿಸುತ್ತದೆ. ಆದರೆ ಸ್ಕ್ರೀನ್ ರೀಡರ್ ಬಳಸುವವರಿಗೆ ‘ಇದು ಟ್ಯಾಬ್’ ಎಂದು ಹೇಳುವ ರೋಲ್, ಬಾಣದ ಕೀಲಿಯಿಂದ ಓಡಾಡುವ ವ್ಯವಸ್ಥೆ ಎಚ್‌ಟಿಎಮ್‌ಎಲ್ ಮತ್ತು ಸ್ಕ್ರಿಪ್ಟಿಗೆ ಸೇರಿದ್ದು. ಕಣ್ಣಿಗೆ ಪಟ್ಟಿಯಾಗಿ ಕಂಡು ಕಿವಿಗೆ ಟ್ಯಾಬ್ ಎಂದು ಕೇಳಿಸಿದರೆ ಅದು ದೋಷ. ಇಲ್ಲಿ ಮೀಡಿಯಾ ಕ್ವೆರಿಯನ್ನು ಸ್ಕ್ರಿಪ್ಟಿನಿಂದಲೇ ಕೇಳುವ ಮ್ಯಾಚ್‌ಮೀಡಿಯಾ ಸರಿಯಾದ ಆಯ್ಕೆ. ಭಾರವಾದ ನಕ್ಷೆಯನ್ನು ದೊಡ್ಡ ಪರದೆಯಲ್ಲಿ ಮಾತ್ರ ಲೋಡ್ ಮಾಡುವುದಕ್ಕೂ ಇದೇ ಸರಿ. ಡಿಸ್‌ಪ್ಲೇ: ನನ್ ಎಂದು ಅಡಗಿಸಿದ ಇಮೇಜ್ ಟ್ಯಾಗಿನ ಚಿತ್ರ ಫೋನಿಗೆ ಇಳಿದೇ ಇಳಿಯುತ್ತದೆ. ಬರಿಯ ಚಿತ್ರವಾದರೆ ಪಿಕ್ಚರ್ ಟ್ಯಾಗ್ ಸಾಕು, ಸ್ಕ್ರಿಪ್ಟ್ ಬೇಡ.

ಬಳಸುವ ಕ್ರಮ ಹೀಗೆ. ಒಂದು ಕ್ವೆರಿ ಪಠ್ಯ ಕೊಟ್ಟು ಮೀಡಿಯಾ ಕ್ವೆರಿ ಲಿಸ್ಟ್ ಪಡೆಯಿರಿ. ಅದರ ಮ್ಯಾಚಸ್ ಮೌಲ್ಯವನ್ನು ಆರಂಭದಲ್ಲಿ ಒಮ್ಮೆ ಓದಿ ಕೆಲಸ ಮಾಡಿ. ಆಮೇಲೆ ಚೇಂಜ್ ಈವೆಂಟಿಗೆ ಕಿವಿಗೊಡಿ. ಆರಂಭದ ಓದನ್ನು ಮರೆತರೆ ಪುಟ ತೆರೆದಾಗ ಏನೂ ಆಗದೆ, ಫೋನ್ ಅಡ್ಡ ತಿರುಗಿಸಿದ ಮೇಲಷ್ಟೇ ಸರಿಯಾಗುತ್ತದೆ. ಈ ಲಿಸ್ಟಿನ ಮೇಲೆ ಆಡ್‌ಈವೆಂಟ್‌ಲಿಸನರ್ ಸಫಾರಿಯಲ್ಲಿ 14ರಿಂದ ಮಾತ್ರ ಇದೆ. ಅದಕ್ಕೂ ಹಿಂದಿನದು ಬೇಕಾದರೆ ಆಡ್‌ಲಿಸನರ್ ಎಂಬ ಹಳೆಯ ಹೆಸರು.

ವಿಂಡೋದ ರಿಸೈಜ್ ಈವೆಂಟಿಗೆ ಹೋಲಿಸಿದರೆ ಇದರ ಲಾಭ ಸ್ಪಷ್ಟ. ಡೆಸ್ಕ್‌ಟಾಪಿನಲ್ಲಿ ವಿಂಡೋದ ಅಂಚನ್ನು ಎಳೆಯುತ್ತಿದ್ದಷ್ಟು ಹೊತ್ತೂ ರಿಸೈಜ್ ಒಂದೇ ಸಮನೆ ಬರುತ್ತದೆ, ಫೋನಿನಲ್ಲಿ ಅಡ್ರೆಸ್ ಬಾರ್ ಅಡಗಿದರೂ ಬರುತ್ತದೆ. ಮ್ಯಾಚ್‌ಮೀಡಿಯಾ ಗಡಿ ದಾಟಿದಾಗ ಒಮ್ಮೆ ಮಾತ್ರ ಕರೆಯುತ್ತದೆ. ಅಗಲಕ್ಕಾಗಿ ರಿಸೈಜ್ ಈವೆಂಟನ್ನು ಹೊಸದಾಗಿ ಬರೆಯುವ ಕಾರಣವೇ ಈಗ ಉಳಿದಿಲ್ಲ.

ತಪ್ಪುವುದು ಅಳತೆಯ ಮಾನದಲ್ಲಿ. ಸ್ಟೈಲ್‌ಶೀಟಿನಲ್ಲಿ 48 ಎಮ್, ಸ್ಕ್ರಿಪ್ಟಿನಲ್ಲಿ 768 ಪಿಕ್ಸೆಲ್ ಎಂದು ಬರೆದವರು ಬಹಳ. ಅಕ್ಷರ 16 ಪಿಕ್ಸೆಲ್ ಇದ್ದಾಗ ಎರಡೂ ಒಂದೇ. ಹಿರಿಯ ಸದಸ್ಯರೊಬ್ಬರು ಬ್ರೌಸರಿನ ಅಕ್ಷರ ಗಾತ್ರವನ್ನು 20ಕ್ಕೆ ಏರಿಸಿಕೊಂಡಿದ್ದರೆ 48 ಎಮ್ ಎಂದರೆ 960. ಆಗ 768ರಿಂದ 960ರ ನಡುವಿನ ಪರದೆಯಲ್ಲಿ ಸಿಎಸ್‌ಎಸ್ ‘ಇದು ಫೋನ್’ ಎನ್ನುತ್ತದೆ, ಸ್ಕ್ರಿಪ್ಟ್ ‘ಇದು ಕಂಪ್ಯೂಟರ್’ ಎನ್ನುತ್ತದೆ, ಟ್ಯಾಬಿನ ಬಟನ್ ಕಾಣದೆ ಎರಡು ದಿನದ ಕಾರ್ಯಕ್ರಮ ಪೂರ್ತಿ ಮಾಯ. ಎರಡೂ ಕಡೆ ಅಕ್ಷರಶಃ ಅದೇ ಪಠ್ಯ ಇರಲಿ. ಮೀಡಿಯಾ ಕ್ವೆರಿಯ ಒಳಗೆ ಕಸ್ಟಮ್ ಪ್ರಾಪರ್ಟಿ (ಸ್ಟೈಲ್‌ಶೀಟಿನಲ್ಲಿ ನಾವೇ ಹೆಸರಿಡುವ ವೇರಿಯಬಲ್) ಬಳಸಲಾಗದು ಎಂಬುದರಿಂದ ಒಂದೇ ಕಡೆ ಬರೆದು ಎರಡೂ ಕಡೆ ಉಪಯೋಗಿಸುವ ದಾರಿ ನೇರವಾಗಿ ಇಲ್ಲ. ಸಾಸ್ (ಸಿಎಸ್‌ಎಸ್ ತಯಾರಿಸಿಕೊಡುವ ಉಪಕರಣ) ಇದ್ದರೆ ಬಿಲ್ಡ್ ಸಮಯದಲ್ಲಿ ಎರಡಕ್ಕೂ ಹಂಚಬಹುದು. ಸಾಸ್ ಮಾಡಬಲ್ಲದ್ದು ಅಷ್ಟೇ. ಓದುಗನ ಪರದೆ ಎಷ್ಟೆಂದು ಅದಕ್ಕೆ ಗೊತ್ತಿರುವುದಿಲ್ಲ.

ಗರಿಷ್ಠ 767, ಕನಿಷ್ಠ 768 ಎಂದು ಜೋಡಿ ಬರೆಯುವ ಅಭ್ಯಾಸವೂ ಹೋಗಲಿ. ಝೂಮ್ ಮಾಡಿದ ಪರದೆಯಲ್ಲಿ ಅಗಲ 767.5 ಆಗಬಹುದು, ಆಗ ಎರಡೂ ಹೊಂದುವುದಿಲ್ಲ. ‘ಅಗಲ < 48 ಎಮ್’ ಮತ್ತು ‘ಅಗಲ >= 48 ಎಮ್’ ಎಂಬ ಹೋಲಿಕೆ ಚಿಹ್ನೆಯ ಬರಹ ಕ್ರೋಮ್ 104, ಸಫಾರಿ 16.4ರಿಂದ ನಡೆಯುತ್ತದೆ.

ಪಠ್ಯವೇ ಬದಲಾದಾಗ: ರಿಸೈಜ್ ಅಬ್ಸರ್ವರ್

ಈಗ ಆ ಎರಡು ಸಾಲಿನ ಹೆಡರ್. ಅದರ ಎತ್ತರ ಭಾಷೆಯ ಮೇಲೆ, ಫಾಂಟ್ ಇಳಿಯಿತೇ ಇಲ್ಲವೇ ಎಂಬುದರ ಮೇಲೆ, ಓದುಗನ ಅಕ್ಷರ ಗಾತ್ರದ ಮೇಲೆ ನಿಂತಿದೆ. ಯಾವ ಕ್ವೆರಿಯೂ ಇದನ್ನು ಹೇಳಲಾರದು. ಎಲಿಮೆಂಟಿನ ಗಾತ್ರ ಬದಲಾದಾಗ ಸ್ಕ್ರಿಪ್ಟಿಗೆ ತಿಳಿಸುವ ರಿಸೈಜ್ ಅಬ್ಸರ್ವರ್ ಕ್ರೋಮ್ 64, ಫೈರ್‌ಫಾಕ್ಸ್ 69, ಸಫಾರಿ 13.1ರಿಂದ ಇದೆ, ಹಾಗಾಗಿ ಬೆಂಬಲದ ಚಿಂತೆ ಇಲ್ಲ.

ಕೆಲಸದ ಹೆಜ್ಜೆಗಳು: ಹೆಡರನ್ನು ಅಬ್ಸರ್ವ್ ಮಾಡಿ. ಅಬ್ಸರ್ವರ್ ಕರೆಯುವ ಫಂಕ್ಷನ್ನಿನಲ್ಲಿ, ಅಂದರೆ ಕಾಲ್‌ಬ್ಯಾಕ್‌ನಲ್ಲಿ, ಬರುವ ಬಾರ್ಡರ್‌ಬಾಕ್ಸ್‌ಸೈಜ್ ಪಟ್ಟಿಯ ಮೊದಲ ಅಂಶದಿಂದ ಬ್ಲಾಕ್‌ಸೈಜ್ (ಇಲ್ಲಿ ಎತ್ತರ) ತೆಗೆದುಕೊಳ್ಳಿ. ಅದನ್ನು ಮೇಲಕ್ಕೆ ಪೂರ್ಣಾಂಕ ಮಾಡಿ, ‘ಪಿಎಕ್ಸ್’ ಸೇರಿಸಿ, ಎಚ್‌ಟಿಎಮ್‌ಎಲ್ ಎಲಿಮೆಂಟಿನ ಮೇಲೆ ಹೆಡರ್-ಎತ್ತರ ಎಂಬ ಕಸ್ಟಮ್ ಪ್ರಾಪರ್ಟಿಯಾಗಿ ಇಡಿ. ಸ್ಟೈಲ್‌ಶೀಟಿನಲ್ಲಿ ಸ್ಕ್ರಾಲ್-ಪ್ಯಾಡಿಂಗ್-ಟಾಪ್‌ಗೆ ಆ ಪ್ರಾಪರ್ಟಿಯನ್ನು, ಅದು ಇಲ್ಲದಿದ್ದರೆ 4.5 ರೆಮ್ ಎಂಬ ಬದಲಿಯೊಂದಿಗೆ ಬರೆಯಿರಿ. ಅಬ್ಸರ್ವ್ ಮಾಡಿದ ಕೂಡಲೇ ಮೊದಲ ಕರೆ ತಾನಾಗಿ ಬರುವುದರಿಂದ ಆರಂಭದ ಅಳತೆಗೆ ಬೇರೆ ಕೋಡ್ ಬೇಡ.

ಕಾಂಟೆಂಟ್‌ರೆಕ್ಟ್ ಎಂಬ ಹಳೆಯ ಅಳತೆಯಲ್ಲಿ ಪ್ಯಾಡಿಂಗ್ ಸೇರಿರುವುದಿಲ್ಲ. ಮೇಲೆ ಕೆಳಗೆ 12 ಪಿಕ್ಸೆಲ್ ಪ್ಯಾಡಿಂಗ್ ಇದ್ದರೆ ಲೆಕ್ಕ 24 ಕಡಿಮೆ ಬಂದು ಶೀರ್ಷಿಕೆಯ ತಲೆ ಮತ್ತೆ ಮರೆಯಾಗುತ್ತದೆ. ‘ಪಿಎಕ್ಸ್’ ಮರೆತು ಬರಿಯ 96 ಕೊಟ್ಟರೆ ಇನ್ನೂ ಕಷ್ಟ. ವೇರಿಯಬಲ್ ಇದೆ, ಆದ್ದರಿಂದ ನೀವು ಕೊಟ್ಟ 4.5 ರೆಮ್ ಬದಲಿ ಬರುವುದಿಲ್ಲ. ಮೌಲ್ಯ ಅಮಾನ್ಯ, ಆದ್ದರಿಂದ ಪ್ರಾಪರ್ಟಿ ತನ್ನ ಮೂಲ ಸ್ಥಿತಿಗೆ ಮರಳುತ್ತದೆ. ಡೆವ್‌ಟೂಲ್ಸಿನಲ್ಲಿ ಸಂಖ್ಯೆ ಸರಿಯಾಗಿಯೇ ಕಾಣುವುದರಿಂದ ಕಣ್ಣಿಗೆ ಬೀಳುವುದೂ ನಿಧಾನ.

ಈ ಕಾಲ್‌ಬ್ಯಾಕ್ ಓಡುವುದು ಲೇಔಟ್ ಮುಗಿದ ಮೇಲೆ, ಪರದೆಗೆ ಬಳಿಯುವ ಮೊದಲು. ಒಳಗೆ ಕುಳಿತು ಅದೇ ಎಲಿಮೆಂಟಿನ ಗಾತ್ರ ಬದಲಿಸಿದರೆ ‘ರಿಸೈಜ್ ಅಬ್ಸರ್ವರ್ ಲೂಪ್’ ಎಂಬ ಎರರ್ ಕನ್ಸೋಲಿನಲ್ಲಿ ಬರುತ್ತದೆ. ಮುಚ್ಚಿಡಬೇಕಾದ ಎರರ್ ಅಲ್ಲ ಅದು, ವಿನ್ಯಾಸವೇ ಸುತ್ತು ಹಾಕುತ್ತಿದೆ ಎಂಬ ಸೂಚನೆ. ಒಂದು ಮಾಮೂಲಿ ಸುತ್ತು ಹೀಗಿರುತ್ತದೆ: ಪೆಟ್ಟಿಗೆ 400ಕ್ಕಿಂತ ಕಡಿಮೆಯಾದರೆ ‘ಕಿರಿದು’ ಎಂಬ ಗುರುತು, ಗುರುತು ಬಿದ್ದರೆ ಪ್ಯಾಡಿಂಗ್ ಕಡಿಮೆ, ಪ್ಯಾಡಿಂಗ್ ಕಡಿಮೆಯಾದರೆ ಒಳ ಅಗಲ 408, ಗುರುತು ಹೋಗುತ್ತದೆ, ಮತ್ತೆ 392. ಪೆಟ್ಟಿಗೆ ನಡುಗುತ್ತದೆ. ಅಳೆಯುವುದು ಹೊರಗಿನ ಪೆಟ್ಟಿಗೆಯನ್ನು, ಬದಲಿಸುವುದು ಒಳಗಿನದನ್ನು ಎಂದು ಬೇರ್ಪಡಿಸಿದರೆ ಸುತ್ತು ಕಡಿಯುತ್ತದೆ. ಅದು ಸಾಧ್ಯವಿಲ್ಲದಿದ್ದರೆ ಗುರುತು ಬೀಳುವ ಗಡಿಗೂ ಹೋಗುವ ಗಡಿಗೂ 20–30 ಪಿಕ್ಸೆಲ್ ಅಂತರ ಇಡಿ. ನಡುಕಕ್ಕೆ ಸ್ಕ್ರಾಲ್‌ಬಾರ್ ಮೂಡಿ ಮರೆಯಾಗುವುದೇ ಕಾರಣವಾದರೆ ಸ್ಕ್ರಾಲ್‌ಬಾರ್-ಗಟರ್: ಸ್ಟೇಬಲ್ ಅದನ್ನು ನಿಲ್ಲಿಸುತ್ತದೆ.

ಎಚ್‌ಟಿಎಮ್‌ಎಲ್ ಎಲಿಮೆಂಟಿನ ಮೇಲೆ ಇಟ್ಟ ವೇರಿಯಬಲ್ ಪುಟದ ಪ್ರತಿಯೊಂದಕ್ಕೂ ಹರಿಯುತ್ತದೆ. ಆಗೊಮ್ಮೆ ಈಗೊಮ್ಮೆ ಬದಲಾಗುವ ಹೆಡರ್ ಎತ್ತರಕ್ಕೆ ಇದರಿಂದ ತೊಂದರೆಯಿಲ್ಲ. ಸ್ಕ್ರಾಲ್ ಸ್ಥಾನದಂತೆ ಪ್ರತಿ ಫ್ರೇಮಿಗೂ ಬದಲಾಗುವ ಸಂಖ್ಯೆಯನ್ನು ಅಲ್ಲಿಟ್ಟರೆ ಇಡೀ ಪುಟದ ಸ್ಟೈಲ್ ಲೆಕ್ಕ ಮತ್ತೆ ಮತ್ತೆ ನಡೆಯುತ್ತದೆ. ಬೇಕಾದ ಎಲಿಮೆಂಟಿಗೆ ಹತ್ತಿರದಲ್ಲಿಡಿ.

ಮೆನುವಿನ ಕತೆ ಬೇರೆ. ‘ಹಿಡಿಸದವು ಇನ್ನಷ್ಟು ಎಂಬ ಬಟನ್ನಿನೊಳಗೆ’ ಎಂಬ ವಿನ್ಯಾಸ ಬೇಕೆಂದರೆ ಮೆನುವಿನ ಪೆಟ್ಟಿಗೆಯನ್ನು ಅಬ್ಸರ್ವ್ ಮಾಡಿ ಪ್ರಯೋಜನವಿಲ್ಲ. ಭಾಷೆ ಬದಲಾದರೂ ಆ ಪೆಟ್ಟಿಗೆಯ ಅಗಲ ಹಾಗೇ ಇರುತ್ತದೆ, ಕರೆ ಬರುವುದೇ ಇಲ್ಲ. ಎಲಿಮೆಂಟಿನ ಎಷ್ಟು ಭಾಗ ಕಾಣುತ್ತಿದೆ ಎಂದು ತಿಳಿಸುವ ಇಂಟರ್‌ಸೆಕ್ಷನ್ ಅಬ್ಸರ್ವರ್ ಇಲ್ಲಿ ಹೊಂದುತ್ತದೆ. ಪಟ್ಟಿಗೆ ಫ್ಲೆಕ್ಸ್-ರ‍್ಯಾಪ್, ಒಂದೇ ಸಾಲಿನ ಎತ್ತರ, ಓವರ್‌ಫ್ಲೋ: ಹಿಡನ್ ಕೊಡಿ, ಹಿಡಿಸದವು ಎರಡನೆಯ ಸಾಲಿಗೆ ಬಿದ್ದು ಕತ್ತರಿಸಿಹೋಗುತ್ತವೆ. ಪಟ್ಟಿಯನ್ನೇ ರೂಟ್ ಮಾಡಿ ಪ್ರತಿ ಐಟಮನ್ನೂ ಗಮನಿಸಿ. ಪೂರ್ತಿ ಕಾಣದ ಐಟಮ್‌ಗೆ ಡೇಟಾ ಆಟ್ರಿಬ್ಯೂಟ್‌ನ ಒಂದು ಗುರುತು ಹಾಕಿ, ‘ಇನ್ನಷ್ಟು’ ಪಟ್ಟಿಯಲ್ಲಿರುವ ಅದರ ಪ್ರತಿಯನ್ನು ತೋರಿಸಿ. ಥ್ರೆಶೋಲ್ಡ್ 1 ಇಡಬೇಡಿ, 0.99 ಇಡಿ. ಕನ್ನಡ ಪದದ ಅಗಲ 87.4 ಪಿಕ್ಸೆಲ್‌ನಂಥ ಭಿನ್ನರಾಶಿಯಾದಾಗ ಕೆಲವೊಮ್ಮೆ ಅನುಪಾತ 1ಕ್ಕೆ ಮುಟ್ಟುವುದೇ ಇಲ್ಲ, ಎಲ್ಲವೂ ‘ಇನ್ನಷ್ಟು’ ಒಳಗೆ ಹೋಗಿ ಕೂರುತ್ತದೆ. ಗುರುತು ಬಿದ್ದ ಐಟಮ್‌ಗೆ ಸ್ಟೈಲ್‌ಶೀಟಿನಲ್ಲಿ ವಿಸಿಬಿಲಿಟಿ: ಹಿಡನ್ ಬರೆಯಿರಿ, ಡಿಸ್‌ಪ್ಲೇ: ನನ್ ಅಲ್ಲ. ಡಿಸ್‌ಪ್ಲೇ ತೆಗೆದರೆ ಐಟಮ್ ಲೇಔಟಿನಿಂದಲೇ ಹೊರಬಿದ್ದು, ಅದು ಮರಳಿ ಹಿಡಿಸುತ್ತದೆಯೇ ಎಂದು ಅಳೆಯುವುದಕ್ಕೆ ಏನೂ ಉಳಿಯುವುದಿಲ್ಲ. ವಿಸಿಬಿಲಿಟಿ ಜಾಗ ಹಿಡಿದುಕೊಂಡೇ ಐಟಮನ್ನು ಮರೆಮಾಡಿ ಕೀಬೋರ್ಡ್ ಫೋಕಸನ್ನು ತೆಗೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಅಭಿಪ್ರಾಯ ಇದು: ಐದಾರು ಐಟಮ್‌ಗಳ ಸಂಘದ ಸೈಟಿಗೆ ‘ಇನ್ನಷ್ಟು’ ಬಟನ್ ಬೇಡ. ಎರಡು ಸಾಲಾಗಲು ಬಿಟ್ಟು ಹೆಡರ್ ಎತ್ತರವನ್ನಷ್ಟೇ ಅಳೆಯಿರಿ. ‘ಸಭಾಗೃಹ ಬುಕಿಂಗ್’ ಹುಡುಕಿಕೊಂಡು ಬಂದವರ ಕಣ್ಣಿಗೆ ಅದು ನೇರವಾಗಿ ಬೀಳಲಿ.

ನೇರವಾಗಿ ಸ್ಟೈಲ್ ಬರೆಯುವ ದಾರಿ

ಸ್ಕ್ರಿಪ್ಟೇ ಎಲಿಮೆಂಟಿನ ಸ್ಟೈಲ್‌ಗೆ ಅಗಲ, ಎತ್ತರ, ಬಣ್ಣ ಬರೆಯುವುದು ಹಳೆಯ ದಾರಿ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರಿಂದ 7ರವರೆಗೆ ಸ್ಟೈಲ್‌ಶೀಟಿನೊಳಗೇ ಎಕ್ಸ್‌ಪ್ರೆಷನ್ ಎಂದು ಸ್ಕ್ರಿಪ್ಟ್ ತುರುಕುವ ಸೌಲಭ್ಯವಿತ್ತು. ಮೌಸ್ ಅಲುಗಿದರೂ ಅದನ್ನು ಮತ್ತೆ ಲೆಕ್ಕ ಹಾಕುತ್ತಿದ್ದರಿಂದ ಪುಟ ತೆವಳುತ್ತಿತ್ತು, 8ನೇ ಆವೃತ್ತಿಯ ಸ್ಟ್ಯಾಂಡರ್ಡ್ಸ್ ಮೋಡ್‌ನಲ್ಲಿ ಅದನ್ನು ತೆಗೆದುಹಾಕಿದರು.

ಇನ್‌ಲೈನ್ ಸ್ಟೈಲಿನ ದೊಡ್ಡ ತೊಡಕು ಅದರ ಬಲ. ಸ್ಟೈಲ್‌ಶೀಟಿನ ಸಾಮಾನ್ಯ ನಿಯಮಗಳನ್ನೆಲ್ಲ ಅದು ಸೋಲಿಸುತ್ತದೆ. ಫೋನ್ ನೆಟ್ಟಗಿದ್ದಾಗ ಬರೆದ 328 ಪಿಕ್ಸೆಲ್ ಅಗಲ ಅಡ್ಡ ತಿರುಗಿಸಿದ ಮೇಲೂ ಹಾಗೇ ಅಂಟಿಕೊಂಡಿರುತ್ತದೆ. ಕಾರ್ಯಕ್ರಮ ಪಟ್ಟಿಯನ್ನು ಪ್ರಿಂಟ್ ತೆಗೆದರೆ ಕಾಗದದ ಮೇಲೂ 328. ಇನ್ನೊಂದು ತೊಡಕು ವೇಗ: ಲೂಪ್‌ನಲ್ಲಿ ಒಂದು ಕಾರ್ಡಿನ ಆಫ್‌ಸೆಟ್‌ವಿಡ್ತ್ ಓದಿ, ಅದಕ್ಕೆ ಬರೆದು, ಮುಂದಿನದನ್ನು ಓದುತ್ತ ಹೋದರೆ ಪ್ರತಿ ಓದಿಗೂ ಬ್ರೌಸರ್ ಇಡೀ ಲೇಔಟನ್ನು ಮತ್ತೆ ಕಟ್ಟಬೇಕು. ಅರವತ್ತು ತಿಂಡಿಗಳ ಪಟ್ಟಿಗೆ ಅರವತ್ತು ಲೇಔಟ್. ಬರೆಯಲೇಬೇಕಾದರೆ ಮೊದಲು ಎಲ್ಲವನ್ನೂ ಓದಿ ಮುಗಿಸಿ, ಆಮೇಲೆ ಎಲ್ಲವನ್ನೂ ಬರೆಯಿರಿ.

ಸ್ಕ್ರಿಪ್ಟಿನಿಂದ ಹೊಸ ನಿಯಮಗಳನ್ನೇ ಸೇರಿಸುವುದಾದರೆ ಕನ್‌ಸ್ಟ್ರಕ್ಟಬಲ್ ಸ್ಟೈಲ್‌ಶೀಟ್ ಇದೆ: ಕ್ರೋಮ್ 73, ಫೈರ್‌ಫಾಕ್ಸ್ 101, ಸಫಾರಿ 16.4. ಶ್ಯಾಡೋ ಡಾಮ್ (ಒಳಗಿನ ಸ್ಟೈಲನ್ನು ಪುಟದಿಂದ ಬೇರೆಯಾಗಿಡುವ ವ್ಯವಸ್ಥೆ) ಬಳಸುವ ಕಾಂಪೊನೆಂಟ್‌ಗಳಿಗೆ ಇದು ನಿಜಕ್ಕೂ ಒಳ್ಳೆಯದು, ಸಂಘದ ಸೈಟಿಗೆ ಅತಿ. ಬೇರೆ ಡೊಮೇನಿನಿಂದ ಬಂದ ಸ್ಟೈಲ್‌ಶೀಟಿನ ನಿಯಮಗಳನ್ನು ಸ್ಕ್ರಿಪ್ಟಿನಿಂದ ಓದಲು ಹೋದರೆ ಸೆಕ್ಯುರಿಟಿ ಎರರ್ ಬರುತ್ತದೆ ಎಂಬುದಷ್ಟು ನೆನಪಿರಲಿ. ಹೂಡಿನಿಯ ಪೇಂಟ್ ವರ್ಕ್‌ಲೆಟ್ (ಸ್ಕ್ರಿಪ್ಟಿನಿಂದ ಹಿನ್ನೆಲೆ ಬಿಡಿಸುವ ಸೌಲಭ್ಯ) ಕ್ರೋಮಿಯಂ ಬ್ರೌಸರ್‌ಗಳಿಗೆ ಸೀಮಿತ, ಅದನ್ನು ಅಲಂಕಾರಕ್ಕೆ ಮಾತ್ರ ಬಳಸಿ.

ಕೀಬೋರ್ಡ್ ಮೇಲೆದ್ದಾಗ

ಗೋವಾದಲ್ಲಿ ಕನ್ನಡಿಗರೊಬ್ಬರು ನಡೆಸುವ ಹೋಮ್‌ಸ್ಟೇಯ ಬುಕಿಂಗ್ ಫಾರ್ಮ್. ಕೆಳಗೆ ಅಂಟಿಸಿದ ‘ರೂಮ್ ಬುಕ್ ಮಾಡಿ’ ಬಟನ್. ಹೆಸರು ಟೈಪ್ ಮಾಡಲು ಕೀಬೋರ್ಡ್ ಎದ್ದಾಗ ಐಫೋನಿನಲ್ಲಿ ಬಟನ್ ಅದರ ಅಡಿಗೆ ಹೋಗುತ್ತದೆ. ಕ್ರೋಮ್ 108ರಿಂದ ಆಂಡ್ರಾಯ್ಡಿನಲ್ಲೂ ಹಾಗೆಯೇ, ಏಕೆಂದರೆ ಅಲ್ಲಿಂದ ಕೀಬೋರ್ಡ್ ಲೇಔಟ್ ವ್ಯೂಪೋರ್ಟನ್ನು (ಪುಟವನ್ನು ಜೋಡಿಸುವ ಚೌಕಟ್ಟನ್ನು) ಕುಗ್ಗಿಸುವುದಿಲ್ಲ. ವ್ಯೂಪೋರ್ಟ್ ಮೆಟಾ ಟ್ಯಾಗಿನಲ್ಲಿ ಇಂಟರ್‌ಆಕ್ಟಿವ್-ವಿಜೆಟ್=ರಿಸೈಜಸ್-ಕಾಂಟೆಂಟ್ ಎಂದು ಸೇರಿಸಿದರೆ ಆಂಡ್ರಾಯ್ಡ್ ಕ್ರೋಮಿನಲ್ಲಿ ಹಳೆಯ ನಡೆ ಮರಳುತ್ತದೆ, ಐಫೋನಿಗೆ ಅದು ಸಾಲದು.

ಸ್ಕ್ರಿಪ್ಟಿನ ದಾರಿಯಲ್ಲಿ, ಕಣ್ಣಿಗೆ ನಿಜವಾಗಿ ಕಾಣುವ ಭಾಗವಾದ ವಿಶುವಲ್‌ವ್ಯೂಪೋರ್ಟಿನ ರಿಸೈಜ್ ಮತ್ತು ಸ್ಕ್ರಾಲ್ ಈವೆಂಟ್ ಕೇಳಿ, ವಿಂಡೋದ ಒಳ ಎತ್ತರದಿಂದ ಅದರ ಎತ್ತರವನ್ನೂ ಆಫ್‌ಸೆಟ್‌ಟಾಪನ್ನೂ ಕಳೆದು, ಬಂದದ್ದನ್ನು ಬಟನ್ನಿನ ಕಸ್ಟಮ್ ಪ್ರಾಪರ್ಟಿಯಾಗಿ ಇಡಬೇಕು. ಬೆರಳಿನಿಂದ ಝೂಮ್ ಮಾಡಿದರೂ ಈ ಸಂಖ್ಯೆ ಬದಲಾಗುತ್ತದೆ, ಆದ್ದರಿಂದ ಸ್ಕೇಲ್ 1 ಇದ್ದಾಗ ಮಾತ್ರ ಲೆಕ್ಕ ಮಾಡಿ. ಇದಕ್ಕಿಂತ ಸುಲಭದ್ದೊಂದಿದೆ: ಫಾರ್ಮ್ ಪುಟದಲ್ಲಿ ಬಟನ್ನನ್ನು ಅಂಟಿಸಲೇಬೇಡಿ. ಕೊನೆಯ ಖಾನೆಯ ಕೆಳಗೆ ಅದರ ಪಾಡಿಗೆ ಇರಲಿ. ಫಾರ್ಮ್ ಏಳೆಂಟು ಖಾನೆಗಿಂತ ಉದ್ದವಿಲ್ಲದಿದ್ದರೆ ಇದೇ ಸರಿ.

ಕನ್ನಡದ ಪದಗಳಿಗೆ ಅಗಲ ಸಾಲದಾಗ

ಶೀರ್ಷಿಕೆ ಹಿಡಿಸುವವರೆಗೆ ಅಕ್ಷರ ಕಿರಿದು ಮಾಡುತ್ತ ಹೋಗುವ ಸ್ಕ್ರಿಪ್ಟ್‌ಗಳು ಲ್ಯಾಟಿನ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ‘ವಾರ್ಷಿಕೋತ್ಸವದಂದು’ ಎಂಬಂಥ ಪದವನ್ನು 12 ಪಿಕ್ಸೆಲ್ಲಿಗೆ ಇಳಿಸಿದರೆ ತ್ಸದ ಒತ್ತು ಓದಲಾಗದ ಚುಕ್ಕೆಯಾಗುತ್ತದೆ. ಅಗಲ ಕಡಿಮೆಯಾಗಬೇಕೇ ಹೊರತು ಎತ್ತರವಲ್ಲ. ಅದಕ್ಕೆ ವೇರಿಯಬಲ್ ಫಾಂಟ್ ಇದೆ. ಮುಂಬಯಿಯ ಏಕ್ ಟೈಪ್ ಸಂಸ್ಥೆಯ ಅನೇಕ್ ಕನ್ನಡ ಫಾಂಟಿನಲ್ಲಿ ಅಗಲದ ಅಕ್ಷ 75ರಿಂದ 125ರವರೆಗೆ ಹರಡಿದೆ. ಕಂಟೇನರ್ ಕಿರಿದಾದಾಗ ಫಾಂಟ್-ಸ್ಟ್ರೆಚ್ 80% ಎಂದು ಒಂದು ನಿಯಮ ಬರೆದರೆ ಸ್ಕ್ರಿಪ್ಟಿಲ್ಲದೆ ಪದ ಹಿಡಿಸುತ್ತದೆ. ಫಾಂಟ್-ಫೇಸ್ ನಿಯಮದಲ್ಲಿ 75% 125% ಎಂಬ ವ್ಯಾಪ್ತಿಯನ್ನು ಬರೆಯಲು ಮರೆತರೆ ಮಾತ್ರ ಏನೂ ಆಗುವುದಿಲ್ಲ. ಲೈನ್-ಹೈಟ್ 1.6ಕ್ಕಿಂತ ಕೆಳಗೆ ಬೇಡ. ನಿಗದಿತ ಎತ್ತರ ಮತ್ತು ಓವರ್‌ಫ್ಲೋ: ಹಿಡನ್ ಒಟ್ಟಿಗೆ ಸೇರಿದರೆ ಒತ್ತಕ್ಷರದ ಕಾಲು ಕತ್ತರಿಸುತ್ತದೆ.

ಪಠ್ಯ ಮೊಟಕು ಮಾಡುವುದಕ್ಕೂ ಸ್ಕ್ರಿಪ್ಟಿನ ಸ್ಲೈಸ್ ಬೇಡ. ‘ಸ್ತ್ರೀ’ ಎಂಬುದು ನಮಗೆ ಒಂದು ಅಕ್ಷರ, ಜಾವಾಸ್ಕ್ರಿಪ್ಟಿಗೆ ಆರು. 40ಕ್ಕೆ ಕತ್ತರಿಸಿದರೆ ಅರ್ಧಾಕ್ಷರದ ಮೇಲೆ ನಿಂತೀತು. ಲೈನ್-ಕ್ಲ್ಯಾಂಪ್‌ನಿಂದ ಮೂರು ಸಾಲಿಗೆ ನಿಲ್ಲಿಸಿ.

ಅಳೆಯುವ ಸ್ಕ್ರಿಪ್ಟ್ ಇದ್ದರೆ ಫಾಂಟಿನ ವಿಚಾರವೂ ಸೇರುತ್ತದೆ. ವೆಬ್ ಫಾಂಟ್ ಇಳಿಯುವ ಮೊದಲು ಅಳೆದದ್ದು ಬೇರೆ ಫಾಂಟಿನ ಅಳತೆ. ಅಬ್ಸರ್ವರ್‌ಗಳು ತಾವಾಗಿ ಮತ್ತೆ ಕರೆಯುತ್ತವೆ. ಒಂದೇ ಸಲ ಅಳೆಯುವ ಕೋಡ್ ಮಾತ್ರ ಡಾಕ್ಯುಮೆಂಟ್.ಫಾಂಟ್ಸ್.ರೆಡಿ ಆಗುವವರೆಗೆ ಕಾಯಬೇಕು.

ಸ್ಕ್ರಿಪ್ಟ್ ತಲುಪದಿದ್ದರೆ

ಮುಂಬಯಿಯಿಂದ ಉಡುಪಿಗೆ ಕೊಂಕಣ ರೈಲಿನಲ್ಲಿ ಹೋಗುವವರಿಗೆ ರತ್ನಾಗಿರಿ ಬಳಿಯ ಕರಬುಡೆ ಸುರಂಗ ಗೊತ್ತು, 6.5 ಕಿಲೋಮೀಟರ್. ಸುರಂಗದ ಬಾಯಿಯಲ್ಲಿ ತೆರೆದ ಪುಟದ ಎಚ್‌ಟಿಎಮ್‌ಎಲ್ ಮತ್ತು ಸಿಎಸ್‌ಎಸ್ ಬಂದು ಸ್ಕ್ರಿಪ್ಟ್ ಬಾರದೆ ಉಳಿಯಬಹುದು. ಖಂಡಾಲ ಘಾಟಿನಲ್ಲೂ ಅದೇ. ಆಗ ಹೆಡರ್ 4.5 ರೆಮ್ ಎಂಬ ಬದಲಿ ಅಳತೆಯಲ್ಲಿ ನಡೆಯಬೇಕು, ಮೂರು ದಿನದ ಕಾರ್ಯಕ್ರಮ ಒಂದರ ಕೆಳಗೊಂದು ತೆರೆದೇ ಇರಬೇಕು. ಮುಚ್ಚುವುದು ಸ್ಕ್ರಿಪ್ಟಿನ ಕೆಲಸವಾದರೆ, ಮುಚ್ಚಿದ ಸ್ಥಿತಿಯ ಸಿಎಸ್‌ಎಸ್ ಕೂಡ ಸ್ಕ್ರಿಪ್ಟ್ ಬಂದು ಗುರುತು ಹಾಕಿದ ಮೇಲೆಯೇ ಅನ್ವಯವಾಗಬೇಕು. ಈ ಸ್ಕ್ರಿಪ್ಟ್‌ಗಳಿಗೆಲ್ಲ ಡಿಫರ್ (ಪುಟ ಓದಿ ಮುಗಿದ ಮೇಲೆ ಓಡಿಸು ಎಂಬ ಸೂಚನೆ) ಸಾಕು. ಓದುಗ ಹಿಂದೆ ಆರಿಸಿದ ಭಾಷೆಯಂಥ, ಮೊದಲ ನೋಟಕ್ಕೇ ಬೇಕಾದ ಗುರುತಿಗೆ ಮಾತ್ರ ಹೆಡ್‌ನಲ್ಲಿ ನಾಲ್ಕು ಸಾಲಿನ ಇನ್‌ಲೈನ್ ಸ್ಕ್ರಿಪ್ಟ್ ಇರಲಿ.

ಒಪ್ಪಿಸುವ ಮೊದಲು ನೋಡಬೇಕಾದ್ದು: 320 ಪಿಕ್ಸೆಲ್ ಅಗಲದಲ್ಲಿ ಅಡ್ಡ ಸ್ಕ್ರಾಲ್ ಬರಬಾರದು. 1280 ಅಗಲದ ಪರದೆಯನ್ನು 400% ಝೂಮ್ ಮಾಡಿದರೆ ಸಿಗುವುದೂ ಅಷ್ಟೇ, ಸೈಟುಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂಬ ಮಾರ್ಗಸೂಚಿ ಡಬ್ಲ್ಯುಸಿಎಜಿಯ 1.4.10 ಕೇಳುವುದೂ ಅದನ್ನೇ. ಬ್ರೌಸರಿನ ಅಕ್ಷರ ಗಾತ್ರವನ್ನು 24ಕ್ಕೆ ಏರಿಸಿ ಒಮ್ಮೆ ನೋಡಿ, ಡೆವ್‌ಟೂಲ್ಸಿನಲ್ಲಿ ಜಾವಾಸ್ಕ್ರಿಪ್ಟ್ ನಿಲ್ಲಿಸಿ ಇನ್ನೊಮ್ಮೆ, ಸಿಪಿಯು ವೇಗವನ್ನು ನಾಲ್ಕನೇ ಒಂದು ಪಾಲಿಗೆ ಇಳಿಸಿ ಮತ್ತೊಮ್ಮೆ. ಆಮೇಲೆ 360 ಅಗಲದಲ್ಲಿ ಪುಟದ ನಡುಭಾಗಕ್ಕೆ ಸ್ಕ್ರಾಲ್ ಮಾಡಿ, ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಮರಾಠಿಗೆ ಭಾಷೆ ಬದಲಿಸಿ, ಪ್ರತಿ ಸಲವೂ ‘ಗ್ರಂಥಾಲಯ’ದ ಲಿಂಕ್ ಒತ್ತಿ, ಆ ಶೀರ್ಷಿಕೆ ಹೆಡರಿನ ಕೆಳಗೆ ಪೂರ್ತಿಯಾಗಿ ಕಾಣುತ್ತದೆಯೇ ಎಂದು ನೋಡಿ.